ಬತ್ತದ ಬೀಜದ ಸಂಶೋಧನೆಗೆ ಹಣ ಹಾಕುವವರಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಗ್ರಾಮಮುಖಂಡರೂ ಭೂಮಾಲಿಕರೂ ಗಮನಿಸಿರಬಹುದು: ಮುಸುಕಿನ ಜೋಳಕ್ಕೂ ತರಕಾರಿಗೂ ಖಾಸಗಿ ಕಂಪೆನಿಗಳು ಹೊಸ ಹೊಸ ಬೀಜಗಳನ್ನು ತರುತ್ತಿರುವುವು, ನಮ್ಮ ಕೆಂಪಕ್ಕಿಯ ಬತ್ತಕ್ಕೆ ಅಷ್ಟು ಆಸಕ್ತಿಯಿಲ್ಲ. ಇದಕ್ಕೆ ಕಾರಣವೇನು?

ಸಂಕರ ಬೀಜದ ಬೆಳೆಯಿಂದ ತೆಗೆದ ಬೀಜವು ಮೊದಲಿನ ಗುಣವನ್ನು ಉಳಿಸಿಕೊಳ್ಳದು, ಪ್ರತಿವರ್ಷವೂ ಕೊಳ್ಳಬೇಕು. ಆದುದರಿಂದ ಸಂಶೋಧನೆಗೆ ವ್ಯಯಿಸಿದ ಹಣವು ಕಂಪೆನಿಗೆ ಮರಳುವುದು. ಪ್ರತಿಸ್ಪರ್ಧಿಯ ಭಯವಿರುವುದರಿಂದ ಅದು ಸುಮ್ಮನಿರಲಾರದು. ಮಾರುಕಟ್ಟೆಯು ಒಬ್ಬನ ಕೈಯಲ್ಲೇ ಇದ್ದರೆ ಹೊಸತನ್ನು ಹುಡುಕುವ ಆತುರವು ಕುಗ್ಗುವುದು. ಸಂಕರವಲ್ಲದ ಬತ್ತವಾದರೋ ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಕಾಳುಗಟ್ಟುವುದು. ಒಮ್ಮೆ ಕೊಂಡು ಬೆಳೆದು ಮುಡಿ ಕಟ್ಟಿಟ್ಟರೆ ಮರುವರ್ಷಕ್ಕೂ ನೆರೆಯವನಿಗೂ ಅದೇ ಬೀಜವಾಗುವುದು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ಈ ಹಕ್ಕನ್ನು ಮಾನ್ಯಮಾಡಿದೆ. ಇದು ರೈತನಿಗೆ ಲಾಭ. ಆದರೆ ಕಂಪೆನಿಗೆ ಹಾಕಿದ ಹಣ ಮರಳುವ ಭರವಸೆಯಿಲ್ಲ.

ಈ ಕೊರತೆಯನ್ನು ಸಾರ್ವಜನಿಕ ಸಂಶೋಧನಾ ಕೇಂದ್ರಗಳೇ ತುಂಬಬೇಕು. ಕರಾವಳಿಯಲ್ಲಿ ಹರಡಿರುವ ಎಂ.ಒ.4 ತಳಿಯು ಕೇರಳದ ಮಂಕೊಂಬು ಕೇಂದ್ರದ್ದು. ಸಹ್ಯಾದ್ರಿ ಕೆಂಪುಮುಕ್ತಿಯು ಬ್ರಹ್ಮಾವರ ಕೇಂದ್ರದ್ದು. ಆದುದರಿಂದ ಹೊಸ ತಳಿಯನ್ನು ಹಳೆಯದರ ಪಕ್ಕದ ಗದ್ದೆಯಲ್ಲಿಯೇ ಬೆಳೆದು, ಇಳುವರಿ, ಹುಲ್ಲು, ನೆರೆ ತಡೆಯುವ ಶಕ್ತಿ ಇವುಗಳನ್ನು ಹೋಲಿಸಿ ನೋಡಿ, ಫಲವನ್ನು ಕೇಂದ್ರಕ್ಕೆ ತಿಳಿಸತಕ್ಕದ್ದು. ಕಂಪೆನಿಗೆ ರೈತನ ಅಭಿಪ್ರಾಯವನ್ನು ಮಾರಾಟದ ಲೆಕ್ಕವೇ ತಿಳಿಸುವುದು. ಕೇಂದ್ರಕ್ಕೆ ಅದನ್ನು ತಿಳಿಸಬೇಕಾದವರು ತಾವೇ.