ಪ್ರಶ್ನೆ ಕೇಳುವ ಮಗುವೂ ಭಕ್ತನೇ

ಮಾರ್ಚ್ ಹತ್ತಿರವಾಯಿತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗಳಲ್ಲಿ ದೇವರಿಗೂ ಬಿಡುವಿರುವುದಿಲ್ಲ. ಹಾಲ್ ಟಿಕೆಟ್ ಮೊದಲು ದೇವರ ಮುಂದೆ, ಆಮೇಲೆ ಜೇಬಿನಲ್ಲಿ. ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡಿಪು ಇಡುವ ತಾಯಂದಿರುಂಟು. ಪಾಸಾದರೆ ಬೆಟ್ಟ ಹತ್ತಿಸುತ್ತೇನೆಂದು ಹರಕೆ ಹೊರುವ ಅಜ್ಜಿಯರುಂಟು. ಇದೆಲ್ಲವನ್ನೂ ನೋಡುತ್ತ ಕುಳಿತ ಕಿರಿಯ ಮಗ ಒಮ್ಮೆ ಕೇಳಿಬಿಡುತ್ತಾನೆ: ‘ಅಮ್ಮಾ, ಊರಿನವರೆಲ್ಲ ಹರಕೆ ಹೊತ್ತರೆ ದೇವರು ಎಲ್ಲರಿಗೂ ಮೊದಲ ರ‍್ಯಾಂಕ್ ಕೊಡುತ್ತಾನಾ?’

‘ಬಿಡ್ತು ಅನ್ನು’ ಎಂಬ ಗದರಿಕೆಯಲ್ಲಿ ಆ ಪ್ರಶ್ನೆ ಮುಗಿದುಹೋಗುತ್ತದೆ. ಮುಗಿಯುವುದು ಮಾತು ಮಾತ್ರ. ಪ್ರಶ್ನೆ ಮಗುವಿನೊಳಗೇ ಉಳಿಯುತ್ತದೆ. ಉತ್ತರ ಸಿಗದಿದ್ದರೆ ಒಂದೋ ಅದು ಭಯವಾಗುತ್ತದೆ, ಇಲ್ಲವೇ ದೊಡ್ಡವನಾದ ಮೇಲೆ ತಿರಸ್ಕಾರವಾಗುತ್ತದೆ. ಹೀಗೆ ಬಾಯಿ ಮುಚ್ಚಿಸುವುದು ಧರ್ಮಕ್ಕೆ ಒಪ್ಪುವ ಮಾತೇ? ಗ್ರಂಥಗಳು ಹೇಳುವುದೇ ಬೇರೆ.

ನಾಲ್ವರು ಭಕ್ತರು

ಭಗವದ್ಗೀತೆಯ 7ನೇ ಅಧ್ಯಾಯದಲ್ಲಿ ಶ್ರೀಕೃಷ್ಣ ತನ್ನನ್ನು ಭಜಿಸುವವರನ್ನು ನಾಲ್ಕು ಬಗೆಯಾಗಿ ಎಣಿಸುತ್ತಾನೆ: ಸಂಕಟಕ್ಕೆ ಸಿಕ್ಕ ಆರ್ತ, ತಿಳಿಯಬಯಸುವ ಜಿಜ್ಞಾಸು, ಏನನ್ನಾದರೂ ಪಡೆಯಬಯಸುವ ಅರ್ಥಾರ್ಥಿ ಮತ್ತು ಜ್ಞಾನಿ. ಜ್ಞಾನಿ ತನಗೆ ಅತ್ಯಂತ ಪ್ರಿಯ ಎಂದರೂ ಉಳಿದವರನ್ನು ಅವನು ಹೊರಗಿಡುವುದಿಲ್ಲ. ನಾಲ್ವರೂ ಉದಾರರೇ ಎನ್ನುತ್ತಾನೆ.

ಈ ಪಟ್ಟಿಯನ್ನು ಪರೀಕ್ಷೆಯ ಕಾಲದ ಮನೆಗೆ ಹೊಂದಿಸಿ ನೋಡಬಹುದು. ಗಣಿತವೆಂದರೆ ನಡುಗುವ ಅಕ್ಕ ಆರ್ತಳು. ಮುಡಿಪು ಕಟ್ಟಿದ ತಾಯಿ ಅರ್ಥಾರ್ಥಿ. ಗದರಿಸಿಕೊಂಡ ಹುಡುಗ ಜಿಜ್ಞಾಸು. ಅವನ ಹೆಸರೂ ಭಕ್ತರ ಸಾಲಿನಲ್ಲೇ ಇದೆ!

ಪ್ರಶ್ನೆಗೆ ಹಳೆಯ ಗೌರವ

ದೇವರು ಎಷ್ಟು ಮಂದಿ ಎಂಬುದು ಮಕ್ಕಳು ಕೇಳುವ ಮತ್ತೊಂದು ಪ್ರಶ್ನೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಕಲ್ಯ ಇದನ್ನೇ ಯಾಜ್ಞವಲ್ಕ್ಯರಿಗೆ ಕೇಳುತ್ತಾನೆ. ಮೊದಲು ಬಂದ ಉತ್ತರ 3,306. ಶಾಕಲ್ಯ ಬಿಡದೆ ಮತ್ತೆ ಮತ್ತೆ ಕೇಳಿದಂತೆ ಸಂಖ್ಯೆ 33ಕ್ಕೆ, 6ಕ್ಕೆ, 3ಕ್ಕೆ, 2ಕ್ಕೆ, ಒಂದೂವರೆಗೆ ಇಳಿದು ಕೊನೆಗೆ ಒಂದಕ್ಕೆ ನಿಲ್ಲುತ್ತದೆ. ಮೊದಲ ಉತ್ತರಕ್ಕೇ ಸುಮ್ಮನಾಗಿದ್ದರೆ ಆ ಒಂದು ಸಿಗುತ್ತಿರಲಿಲ್ಲ.

ಆ ಒಂದನ್ನು ಯಾವ ರೂಪದಲ್ಲಿ ಪ್ರೀತಿಸಬೇಕು? ಇಲ್ಲಿಯೇ ಇಷ್ಟದೇವತೆಯ ಕಲ್ಪನೆ ಬರುವುದು. ಸ್ಮಾರ್ತ ಸಂಪ್ರದಾಯದ ಪಂಚಾಯತನ ಪೂಜೆಯಲ್ಲಿ ಶಿವ, ವಿಷ್ಣು, ದೇವಿ, ಸೂರ್ಯ, ಗಣಪತಿ ಐವರೂ ಇರುತ್ತಾರೆ. ತನ್ನ ಇಷ್ಟದ ದೇವರು ನಡುವೆ, ಉಳಿದ ನಾಲ್ವರು ಸುತ್ತ. ನೆರೆಮನೆಯವರು ನಡುವೆ ಬೇರೊಬ್ಬ ದೇವರನ್ನು ಇಟ್ಟುಕೊಂಡರೆ ಜಗಳವೇನೂ ಇಲ್ಲ. 12ನೇ ಶತಮಾನದ ಶರಣರಿಗೆ ಈ ಸಾಲಿನ ಅಗತ್ಯವೇ ಕಾಣಲಿಲ್ಲ. ಅವರು ಅಂಗೈ ಮೇಲಿನ ಇಷ್ಟಲಿಂಗವನ್ನೇ ನೆಚ್ಚಿದರು. ಜೀವನಿಗೂ ದೇವರಿಗೂ ಇರುವ ನಂಟನ್ನು ಶಂಕರ, ರಾಮಾನುಜ, ಮಧ್ವರು ಮೂರು ಬಗೆಯಲ್ಲಿ ವಿವರಿಸಿದರು. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಕರ್ನಾಟಕದಲ್ಲೇ ಇವೆ. ಮೂರಕ್ಕೂ ಹೋಗಿಬರುವ ಕುಟುಂಬಗಳಿಗೆ ಲೆಕ್ಕವಿಲ್ಲ.

ಇಬ್ಬರು ಹುಡುಗರು, ಇಬ್ಬರು ತಂದೆಯರು

ತಂದೆತಾಯಿಯರು ನೆನಪಿಡಬೇಕಾದ ಎರಡು ಕಥೆಗಳಿವೆ. ಕಠೋಪನಿಷತ್ತಿನ ನಚಿಕೇತ, ತಂದೆ ಯಜ್ಞದಲ್ಲಿ ಬರಡು ಮುದಿ ಹಸುಗಳನ್ನು ದಾನ ಕೊಡುವುದನ್ನು ಕಂಡು ‘ನನ್ನನ್ನು ಯಾರಿಗೆ ಕೊಡುತ್ತೀರಿ?’ ಎಂದು ಮೂರು ಸಲ ಕೇಳಿದ. ಸಿಟ್ಟಿಗೆದ್ದ ತಂದೆ ‘ಮೃತ್ಯುವಿಗೆ’ ಎಂದುಬಿಟ್ಟ. ಯಮನ ಮನೆಗೆ ಹೋದ ಹುಡುಗನಿಗೆ ಮೂರು ವರ ದೊರೆತವು. ಮೊದಲನೆಯದಾಗಿ ಅವನು ಬೇಡಿದ್ದು ತಂದೆಯ ಕೋಪ ಶಾಂತವಾಗಲಿ ಎಂದು! ಪ್ರಶ್ನೆ ಕೇಳುವ ಮಗನಿಗೆ ಅಪ್ಪನ ಮೇಲೆ ಅಕ್ಕರೆ ಇಲ್ಲವೆಂದು ಯಾರು ಹೇಳಿದರು? ಮೂರನೆಯ ವರದಲ್ಲಿ ಸಾವಿನಾಚೆ ಏನಿದೆ ಎಂದು ಕೇಳಿದಾಗ ಯಮ ಸಂಪತ್ತಿನ ಆಸೆ ತೋರಿಸಿದರೂ ಅವನು ಬಗ್ಗಲಿಲ್ಲ. ಕೊನೆಗೆ ಯಮನೇ ಅವನನ್ನು ಮೆಚ್ಚಿದ.

ಇನ್ನೊಬ್ಬ ಪ್ರಹ್ಲಾದ. ಭಾಗವತದ 7ನೇ ಸ್ಕಂಧದಲ್ಲಿ, ಗುರುಗಳ ಬಳಿ ಕಲಿತ ಒಳ್ಳೆಯ ಪಾಠ ಯಾವುದೆಂದು ತಂದೆ ಕೇಳಿದಾಗ ಅವನು ಶ್ರವಣ, ಕೀರ್ತನೆ, ಸ್ಮರಣೆ, ಪಾದಸೇವೆ, ಅರ್ಚನೆ, ವಂದನೆ, ದಾಸ್ಯ, ಸಖ್ಯ, ಆತ್ಮನಿವೇದನೆ ಎಂದು ಭಕ್ತಿಯ ಒಂಬತ್ತು ಬಗೆಗಳನ್ನು ಹೇಳುತ್ತಾನೆ. ಕೇಳುವುದಿದೆ, ಹಾಡುವುದಿದೆ, ಗೆಳೆತನವೂ ಇದೆ. ವ್ಯಾಪಾರ ಮಾತ್ರ ಇಲ್ಲ. ತಂದೆ ಹೆದರಿಸಿದ್ದರಿಂದ ಅವನ ನಂಬಿಕೆ ಬದಲಾಗಲೂ ಇಲ್ಲ. ಹೆದರಿಸಿ ಭಕ್ತಿಯನ್ನು ಬಿಡಿಸಲಾಗದು ಎಂದಮೇಲೆ ಹೆದರಿಸಿ ಹುಟ್ಟಿಸುವುದಾದರೂ ಹೇಗೆ?

ಹಾಗಾದರೆ ಹರಕೆ ಹೊರುವುದು ತಪ್ಪೇ? ಅರ್ಥಾರ್ಥಿಯನ್ನು ಗೀತೆಯೇ ದೂರವಿಟ್ಟಿಲ್ಲ. ಮಗಳ ಚಿಂತೆಯಲ್ಲಿ ನಿದ್ದೆಗೆಟ್ಟ ತಾಯಿಗೆ ಮುಡಿಪು ಒಂದು ಸಮಾಧಾನ. ಆದರೆ ಅದು ಮಗಳ ತಲೆಯ ಮೇಲಿನ ಭಾರವಾಗಬಾರದು. ಅಂಕ ಕಡಿಮೆ ಬಂದರೆ ‘ದೇವರೇ ಕೈಬಿಟ್ಟ’ ಎಂಬ ಮಾತು ಸೋತ ಮಗುವನ್ನು ಎರಡನೇ ಸಲ ಸೋಲಿಸುತ್ತದೆ. ಫಲಿತಾಂಶ ಏನೇ ಬರಲಿ, ಆ ಸಂಜೆಯೂ ಎಂದಿನಂತೆ ದೀಪ ಹಚ್ಚುವ ಮನೆಯಲ್ಲಿ ಮಕ್ಕಳು ಭಕ್ತಿಯೆಂದರೇನೆಂದು ತಾವಾಗಿ ತಿಳಿಯುತ್ತಾರೆ.

ಕಿರಿಯ ಮಗ ಮುಂದಿನ ಸಲ ರ‍್ಯಾಂಕಿನ ಪ್ರಶ್ನೆ ಕೇಳಿದಾಗ ‘ಓದುವ ಕೆಲಸ ನಮ್ಮದು ಮಗಾ, ಧೈರ್ಯ ಕೊಡು ಅಂತ ಮಾತ್ರ ದೇವರನ್ನು ಕೇಳೋಣ’ ಎಂದರೆ ಸಾಕು. ಅದರ ಮೇಲೂ ಅವನು ಇನ್ನೊಂದು ಪ್ರಶ್ನೆ ಹಾಕಿದರೆ ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡು ನಚಿಕೇತನ ಕಥೆ ಹೇಳಬಹುದು.