ಪ್ಲಗ್-ಇನ್ ಹೈಬ್ರಿಡ್: ಯಾರಿಗೆ ಪಥ್ಯ, ಯಾರಿಗೆ ಅಪಥ್ಯ?



ವೈದ್ಯರಾದ ನಾವು ಮೋಟಾರು ವಾಹನದ ವಿಷಯವಾಗಿ ಉಪನ್ಯಾಸ ಮಾಡುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಇಂದು ವಿಚಾರಕ್ಕೆತ್ತಿಕೊಂಡಿರುವ ವಾಹನಕ್ಕೂ ನಾವು ಬರೆದುಕೊಡುವ ಔಷಧಕ್ಕೂ ಒಂದು ಸಾಮ್ಯವಿದೆ. ಕೊಂಡರಷ್ಟೇ ಸಾಲದು, ಕ್ರಮವಾಗಿ ಸೇವಿಸಿದರೆ ಮಾತ್ರ ಗುಣ ಕಾಣುವುದು.

ಅಮೆರಿಕದ ರಸ್ತೆಗಳಲ್ಲಿ ಚಿರಪರಿಚಿತವಾದ ಟೊಯೋಟಾ ‘ರಾವ್-4’ ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. (ಹೆಸರು ಕೇಳಿ ಅದು ರಾಯರಿಗೆ ಮಾತ್ರ ಮೀಸಲೆಂದು ಯಾರೂ ಭಾವಿಸಬೇಕಾಗಿಲ್ಲ!) 1994ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಈ ಗಾಡಿ ‘ಕ್ರಾಸ್‌ಓವರ್’ ವರ್ಗದ ಆರಂಭದ ಮಾದರಿಗಳಲ್ಲೊಂದು. ನೋಟಕ್ಕೆ ಜೀಪಿನ ಗತ್ತು. ಒಳಗಿನ ರಚನೆ ಮಾತ್ರ ಕಾರಿನದು. ಆದುದರಿಂದಲೇ ಎತ್ತರದ ಆಸನ, ಸಾಮಾನಿಗೆ ಸ್ಥಳ, ಕಾರಿನ ಸುಗಮ ಸವಾರಿ ಇವೆಲ್ಲವೂ ಒಟ್ಟಿಗೆ ದೊರೆಯುತ್ತವೆ.

2021ರಿಂದ 2025ರವರೆಗಿನ ಮಾದರಿಗಳು ಮೂರು ಬಗೆಯವು. ಕೇವಲ ಪೆಟ್ರೋಲಿನದು 203 ಅಶ್ವಶಕ್ತಿಯ ಗಾಡಿ. ಗ್ಯಾಲನ್ನಿಗೆ ಸುಮಾರು 30 ಮೈಲಿ ಓಡುತ್ತದೆ. ಸಾಧಾರಣ ಹೈಬ್ರಿಡ್‌ನಲ್ಲಿ ಚಿಕ್ಕ ಬ್ಯಾಟರಿಯೊಂದು, ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು ಎಂಜಿನ್ನಿಗೆ ನೆರವಾಗುತ್ತದೆ. ಆಗ ಸುಮಾರು 40 ಮೈಲಿ. ಮೂರನೆಯದು ಪ್ಲಗ್-ಇನ್ ಹೈಬ್ರಿಡ್, 302 ಅಶ್ವಶಕ್ತಿಯದು. ಇದರ 18.1 ಕಿಲೋವಾಟ್-ಗಂಟೆಯ ಬ್ಯಾಟರಿಯನ್ನು ಗೋಡೆಯ ಸಾಕೆಟ್ಟಿನಿಂದ ತುಂಬಿಸಬಹುದು. ಒಮ್ಮೆ ತುಂಬಿದರೆ, ಅಮೆರಿಕ ಸರ್ಕಾರದ ಮಾಪನದಂತೆ 42 ಮೈಲಿಗಳು ವಿದ್ಯುತ್ತಿನಿಂದಲೇ ಸಾಗುತ್ತವೆ. ಬಳಿಕ ಪೆಟ್ರೋಲ್ ಬಳಸಿ ಗ್ಯಾಲನ್ನಿಗೆ 38 ಮೈಲಿ. 2026ರ ಮಾದರಿಯಲ್ಲಿ ಕೇವಲ ಪೆಟ್ರೋಲಿನ ಗಾಡಿಯನ್ನು ಕೈಬಿಡಲಾಗಿದೆ. ಈಗ ಹೊಸದನ್ನು ಕೊಳ್ಳುವವರ ಆಯ್ಕೆ ಎರಡು ಬಗೆಯ ಹೈಬ್ರಿಡ್‌ಗಳ ನಡುವೆ ಮಾತ್ರ.

ಈ ಅಂಕಿಗಳ ತಾತ್ಪರ್ಯವೇನು? ಕೆಲಸಕ್ಕೆ ಹೋಗಿಬರಲು ದಿನಕ್ಕೆ 30 ಮೈಲಿ ಓಡಿಸುವವರು ರಾತ್ರಿ ಗಾಡಿಯನ್ನು ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು, ಪೆಟ್ರೋಲಿನ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. 120 ವೋಲ್ಟಿನ ಮನೆಯ ಸಾಕೆಟ್ಟಿನಿಂದ ಬ್ಯಾಟರಿ ತುಂಬಲು ಸುಮಾರು 12 ಗಂಟೆ ಬೇಕು. ಸಿಕ್ಕಿಸದವರಿಗೆ ಉಳಿಯುವುದು ಅದೇ 38 ಮೈಲಿ; ಅಂದರೆ ಸಾಧಾರಣ ಹೈಬ್ರಿಡ್‌ಗಿಂತಲೂ ಕಡಿಮೆ. ಹೆಚ್ಚು ಹಣ ತೆತ್ತು, ಭಾರದ ಬ್ಯಾಟರಿಯನ್ನು ಹೊತ್ತು ತಿರುಗಿದ್ದಷ್ಟೇ ಬಂದ ಭಾಗ್ಯ!

ಇದು ಊಹೆಯಲ್ಲ. ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ನೋಂದಾಯಿಸಿದ ಪ್ಲಗ್-ಇನ್ ಹೈಬ್ರಿಡ್ ಕಾರುಗಳು ರಸ್ತೆಯಲ್ಲಿ ಉಗುಳಿದ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಅಧಿಕ. ನಿರೀಕ್ಷಿಸಿದಷ್ಟು ಬಾರಿ ಅವುಗಳನ್ನು ಚಾರ್ಜ್ ಮಾಡಿ ವಿದ್ಯುತ್ತಿನಿಂದ ಓಡಿಸದಿದ್ದುದೇ ಮುಖ್ಯ ಕಾರಣ. ಔಷಧ ಶೀಶೆಯಲ್ಲೇ ಉಳಿದರೆ ರೋಗ ವಾಸಿಯಾದೀತೆ?

ಆದುದರಿಂದ ಕೊಳ್ಳುವ ಮುನ್ನ ನಮ್ಮನ್ನು ನಾವೇ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಗಾಡಿ ನಿಲ್ಲುವಲ್ಲಿ ಸಾಕೆಟ್ ಇದೆಯೆ? ನಿತ್ಯದ ಓಡಾಟ 40 ಮೈಲಿಯೊಳಗಿದೆಯೆ? ಪ್ರತಿ ರಾತ್ರಿ ಸಿಕ್ಕಿಸುವ ಶಿಸ್ತು ನಮ್ಮಲ್ಲಿದೆಯೆ? ಮೂರಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಪ್ಲಗ್-ಇನ್ ಪಥ್ಯ. ಸಾಕೆಟ್ಟಿಲ್ಲದ ಅಪಾರ್ಟ್‌ಮೆಂಟಿನವರಿಗೆ ಸಾಧಾರಣ ಹೈಬ್ರಿಡ್ಡೇ ಲೇಸು.

ಕಡೆಯದಾಗಿ ವೈದ್ಯರಾಗಿ ಒಂದು ಎಚ್ಚರಿಕೆ. ಹೈಬ್ರಿಡ್ ಗಾಡಿ ಸದ್ದಿಲ್ಲದೆ ನಿಂತಿದ್ದರೂ ಆರಿದೆಯೆಂದು ಅರ್ಥವಲ್ಲ. ಗುಂಡಿ ಒತ್ತಿ ಆರಿಸದೆ ಮನೆಗೆ ಹೊಂದಿಕೊಂಡ ಗರಾಜಿನಲ್ಲಿ ಬಿಟ್ಟರೆ, ಬ್ಯಾಟರಿಗಾಗಿಯೋ ಶಾಖಕ್ಕಾಗಿಯೋ ಎಂಜಿನ್ ತಾನಾಗಿಯೇ ಚಾಲನೆಗೊಳ್ಳಬಹುದು. ಆಗ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅದು ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು. ನಿದ್ರೆಯಲ್ಲಿರುವವರಿಗೆ ಆ ಸೂಚನೆಗಳೂ ತಿಳಿಯವು. ಬೆರಳಿಗೆ ತೊಡಿಸುವ ಆಕ್ಸಿಮೀಟರ್ ಕೂಡ ಇಲ್ಲಿ ಸುಳ್ಳು ಭರವಸೆ ನೀಡುತ್ತದೆ. 2020ರ ಮಾದರಿಗಳಿಂದೀಚೆಗೆ ಟೊಯೋಟಾದ ಬಹುತೇಕ ಗಾಡಿಗಳಲ್ಲಿ ತಾನಾಗಿ ಆರುವ ವ್ಯವಸ್ಥೆಯಿದೆ. ಹಳೆಯ ಗಾಡಿಗಳ ಮಾತು ಬೇರೆ.

ಮಲಗುವ ಕೋಣೆಗಳ ಬಳಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಊರಿನಿಂದ ಬಂದು ಗರಾಜಿನ ಮೇಲಿನ ಕೋಣೆಯಲ್ಲಿ ಮಲಗುವ ತಂದೆತಾಯಿಗಳಿಗೆ ಅದರ ಸದ್ದನ್ನು ಒಮ್ಮೆ ಕೇಳಿಸಿ, ಕೂಗಿದರೆ ತಕ್ಷಣ ಹೊರಗೆ ಬರಬೇಕೆಂದು ತಿಳಿಸಿಕೊಡಿ.