ಒಂಟಿ ಲಾವಕ್ಕಿಗೆ ಜೊತೆ ಯಾರು?

ತೋಳನ ಬಾಯಿಗೆ ಸಿಕ್ಕಿದ್ದ ಲಾವಕ್ಕಿಯೊಂದನ್ನು ಅಶ್ವಿನೀದೇವತೆಗಳು ಬಿಡಿಸಿದರೆಂಬ ಮಾತು ಋಗ್ವೇದದ ಹಲವು ಸೂಕ್ತಗಳಲ್ಲಿ ಬರುತ್ತದೆ. ಕುರುಡನಿಗೆ ಕಣ್ಣು ಕೊಟ್ಟುದು, ಮುದುಕನಿಗೆ ಯೌವನ ಕೊಟ್ಟುದು, ಇಂತಹ ಮಹಿಮೆಗಳನ್ನು ಎಣಿಸುವ ಸಾಲಿನಲ್ಲಿಯೇ ಅಂಗೈಯಗಲದ ಈ ಹಕ್ಕಿಯ ಪ್ರಾಣವನ್ನು ಉಳಿಸಿದುದನ್ನೂ ಋಷಿಗಳು ಸೇರಿಸಿದ್ದಾರೆ. ಬಿಡಿಸಿದ ಮೇಲೆ ಹಕ್ಕಿಯ ಗತಿ ಏನಾಯಿತೆಂಬುದನ್ನು ಮಾತ್ರ ಹೇಳಿಲ್ಲ. ಲಾವಕ್ಕಿಯನ್ನು ಕಾಪಾಡಿದವರಿಗೆ ನಿಜವಾದ ತೊಡಕು ಆರಂಭವಾಗುವುದು ಅಲ್ಲಿಂದಲೇ.

ಇಂದಿನ ತೋಳಗಳು ಬೇರೆ ಬಗೆಯವು. ಸಂತೆಯ ತಂತಿಪಂಜರದಿಂದ ನುಸುಳಿ ಚರಂಡಿಗೆ ಬಿದ್ದ ಹಕ್ಕಿ, ಸಾಗಣೆಯ ವಾಹನದಿಂದ ಉರುಳಿದ ಹಕ್ಕಿ, ಬೆಕ್ಕು ಕಚ್ಚಿ ತಂದು ಹೊಸ್ತಿಲ ಮೇಲಿಟ್ಟ ಹಕ್ಕಿ, ಮೊಟ್ಟೆಯಿಡುವುದು ಕಡಿಮೆಯಾಯಿತೆಂದು ಮಾಂಸಕ್ಕೆ ಹೊರಟಿದ್ದಾಗ ಯಾರೋ ಕನಿಕರಪಟ್ಟು ಕೊಂಡು ತಂದ ಹಕ್ಕಿ, ಹೀಗೆ ಒಂದಲ್ಲ ಒಂದು ದಾರಿಯಿಂದ ಲಾವಕ್ಕಿ ಮನೆಯೊಳಕ್ಕೆ ಬರುತ್ತದೆ. ಬಹುಮಟ್ಟಿಗೆ ಒಂದೇ ಬರುತ್ತದೆ. ಕೈಯಲ್ಲಿ ಹಿಡಿದರೆ ಎದೆ ಡವಗುಟ್ಟುವ ಆ ಪುಟ್ಟ ಜೀವವನ್ನು ಕಂಡು ಮನೆಮಂದಿಯೆಲ್ಲ ಕರಗುತ್ತಾರೆ. ಕಾಳು ಹಾಕುತ್ತಾರೆ, ನೀರಿಡುತ್ತಾರೆ, ಪೆಟ್ಟಿಗೆಯೊಂದನ್ನು ಹುಡುಕಿ ತರುತ್ತಾರೆ. ಅದು ಒಂಟಿಯಾಗಿ ಬದುಕುವ ಹಕ್ಕಿಯಲ್ಲವೆಂಬುದು ಹೊಳೆಯುವುದು ವಾರ ಕಳೆದ ಮೇಲೆ.

ಅದಕ್ಕೂ ಮೊದಲು ಬಂದ ಅತಿಥಿ ಯಾರೆಂದು ತಿಳಿಯಬೇಕು. ನಮ್ಮ ಹೊಲದಂಚಿನ ಕುರುಚಲಿನಲ್ಲಿ ಗುಂಪುಗುಂಪಾಗಿ ಅಡಗಿದ್ದು, ಕಾಲಬುಡದಿಂದ ಬುರ್ರನೆ ಹಾರುವ ಪೊದೆಲಾವಕ್ಕಿಯುಂಟು. ಎದೆಯ ಮೇಲೆ ಕಪ್ಪು ಮಚ್ಚೆಯಿರುವ ಮಳೆಲಾವಕ್ಕಿಯುಂಟು. ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ಲಾವಕ್ಕಿಯೂ ಉಂಟು. ಇವೆಲ್ಲ ಕಾಡಿನ ಸೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ರಕ್ಷಣೆ ಇವಕ್ಕೆ ಇದೆ. ಪ್ರೀತಿಯಿಂದಲೇ ಆದರೂ ಸಾಕುವುದು ಅಪರಾಧ. ಗಾಯವಿಲ್ಲದಿದ್ದರೆ ಸಿಕ್ಕಿದ ಜಾಗದ ಪೊದೆಯಲ್ಲಿಯೇ ಬಿಡಬೇಕು. ಗಾಯವಿದ್ದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಬೇಕು. ಬೆಕ್ಕು ಕಚ್ಚಿದ ಹಕ್ಕಿ, ಕಾಡಿನದಾಗಲಿ ಊರಿನದಾಗಲಿ, ಮೇಲುನೋಟಕ್ಕೆ ಚೆನ್ನಾಗಿಯೇ ಕಂಡರೂ ಅಂದೇ ಪಶುವೈದ್ಯರ ಕೈ ಸೇರಬೇಕು. ಬೆಕ್ಕಿನ ಹಲ್ಲಿನ ನಂಜು ಎರಡು ಮೂರು ದಿನದಲ್ಲಿ ಹಕ್ಕಿಯನ್ನು ಮುಗಿಸಿಬಿಡುತ್ತದೆ.

ಜಪಾನಿನ ಅತಿಥಿ

ಊರೊಳಗೆ ಸಿಕ್ಕುವ ಲಾವಕ್ಕಿ ಹೆಚ್ಚಾಗಿ ಕಾಡಿನದಲ್ಲ. ಅದು ಸಾಕಣೆಯ ಜಪಾನೀ ಲಾವಕ್ಕಿ. ಕೆಲವೆಡೆ ಗೌಜಲಹಕ್ಕಿಯೆಂದೇ ಇದನ್ನು ಮಾರುತ್ತಾರೆ. ದುಂಡನೆಯ ಮೈ, ಜನರನ್ನು ಕಂಡರೆ ಅಷ್ಟಾಗಿ ಹೆದರದ ಸ್ವಭಾವ, ಹಾರಿದರೂ ನಾಲ್ಕು ಮಾರು ಹೋಗಿ ಕುಸಿಯುವ ರೆಕ್ಕೆ, ಇವೇ ಇದರ ಗುರುತು. ಜಪಾನಿನಲ್ಲಿ ಶತಮಾನಗಳ ಹಿಂದೆ ಇದನ್ನು ಸಾಕಿದುದು ಮಾಂಸಕ್ಕಲ್ಲ, ಕಂಠಕ್ಕೆ. ಗಂಡಿನ ಕೂಗನ್ನು ಆಲಿಸುವುದು ಅಲ್ಲಿ ರಸಿಕರ ವಿನೋದವಾಗಿತ್ತು. ಮೊಟ್ಟೆಯ ಮೇಲೆ ಕಣ್ಣು ಬಿದ್ದುದು ಇಪ್ಪತ್ತನೆಯ ಶತಮಾನದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಆ ಹಾಡುವ ತಳಿಗಳು ನಾಶವಾದವು. ಯುದ್ಧಾನಂತರ ಉಳಿದ ಕೆಲವೇ ಹಕ್ಕಿಗಳಿಂದ ಮೊಟ್ಟೆಯ ತಳಿಯನ್ನು ಮತ್ತೆ ಬೆಳೆಸಿದರು. ಭಾರತಕ್ಕೆ ಇದು ಬಂದುದು 1974ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಿಂದ. ಬರೇಲಿಯ ಬಳಿ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಇದರ ಹಲವು ತಳಿಗಳನ್ನು ಸಿದ್ಧಪಡಿಸಿತು. 1990ರಲ್ಲಿ ರಷ್ಯನ್ನರ ಮಿರ್ ಅಂತರಿಕ್ಷ ನಿಲ್ದಾಣದಲ್ಲಿ ಮೊಟ್ಟೆಯೊಡೆದು ಹೊರಬಂದುದೂ ಇದೇ ಜಾತಿಯ ಮರಿಗಳು. ಪಾಪ, ಹಿಡಿದು ನಿಲ್ಲಲು ನೆಲವೇ ಇಲ್ಲದೆ ಅವು ತೇಲಾಡಿದವು.

ಇಂತಹ ಹಕ್ಕಿಯನ್ನು "ಸ್ವತಂತ್ರವಾಗಿರಲಿ" ಎಂದು ಹೊಲದಲ್ಲಿ ಬಿಡುವುದು ಕರುಣೆಯಲ್ಲ. ಯಂತ್ರದ ಕಾವಿನಲ್ಲಿ ಹುಟ್ಟಿ, ತಟ್ಟೆಯ ಹಿಟ್ಟು ತಿಂದು ಬೆಳೆದ ಅದಕ್ಕೆ ಗಿಡುಗದ ನೆರಳನ್ನು ಕಂಡು ಅಡಗುವ ಅಂಜಿಕೆಯಿದ್ದರೂ ಅಡಗುವ ಪೊದೆಯ ಪರಿಚಯವಿಲ್ಲ. ಒಂದೆರಡು ರಾತ್ರಿಗಳಲ್ಲಿ ಮುಂಗುಸಿಯ ಪಾಲಾಗುವುದು ಬಹುಮಟ್ಟಿಗೆ ಖಂಡಿತ. ತಂದವರೇ ಸಾಕಬೇಕು.

ಬಂದುದು ಮರಿಯಾಗಿದ್ದರೆ ಮೊದಲ ಚಿಂತೆ ಬಿಸಿಯದು. ಹುಟ್ಟಿದಾಗ ಏಳೆಂಟು ಗ್ರಾಂ ತೂಗುವ ಆ ಮರಿಗೆ ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಪೆಟ್ಟಿಗೆಯ ಒಂದು ಮೂಲೆಗೆ ದೀಪದ ಬಲ್ಬನ್ನು ಇಳಿಬಿಟ್ಟು, ಮೊದಲ ವಾರ ಅದರ ಕೆಳಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವಂತೆ ನೋಡಿಕೊಂಡು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಉಷ್ಣಮಾಪಕಕ್ಕಿಂತ ಮರಿಯೇ ಒಳ್ಳೆಯ ಸಾಕ್ಷಿ: ಬಲ್ಬಿನ ಕೆಳಗೆ ಮುದುಡಿ ಕೂಗಿದರೆ ಚಳಿ, ದೂರದ ಗೋಡೆಗೆ ಒರಗಿ ಬಾಯಿ ತೆರೆದರೆ ಸೆಕೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ತುಂಬಿಡದಿದ್ದರೆ ಕಾಲಂಗುಲ ನೀರಿನಲ್ಲಿಯೂ ಮರಿ ಮುಳುಗಿ ಸಾಯುತ್ತದೆ. ನೆಲಕ್ಕೆ ಹಾಸಿದ ವೃತ್ತಪತ್ರಿಕೆಯ ಮೇಲೆ ಕಾಲು ಜಾರಿ ಅಂಗವಿಕಲವಾಗುವುದರಿಂದ ಒರಟು ಬಟ್ಟೆಯನ್ನು ಹಾಸುವುದು ಲೇಸು.

ಆಹಾರದ ವಿಷಯದಲ್ಲಿ ಆಗುವ ತಪ್ಪು ಒಂದೇ: ಬರಿಯ ನವಣೆ, ಅಕ್ಕಿನುಚ್ಚು ಹಾಕುವುದು. ಲಾವಕ್ಕಿಯ ಮರಿಗೆ ಕೋಳಿಮರಿಗಿಂತಲೂ ಹೆಚ್ಚು ಸಸಾರಜನಕ ಬೇಕು. ಕೋಳಿಮರಿಯ ಆಹಾರವನ್ನು ನುಣ್ಣಗೆ ಪುಡಿಮಾಡಿ, ಬೇಯಿಸಿದ ಮೊಟ್ಟೆಯನ್ನು ಹಿಸುಕಿ ಬೆರೆಸಿ ಕೊಡಬಹುದು. ಮೊಟ್ಟೆಯಿಡುವ ಹೆಣ್ಣಿಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಡಬೇಕು; ಇಲ್ಲದಿದ್ದರೆ ತನ್ನ ಎಲುಬಿನ ಸುಣ್ಣವನ್ನೇ ಅದು ಮೊಟ್ಟೆಯ ಚಿಪ್ಪಿಗೆ ತೆರುತ್ತದೆ. ತಂತಿಯ ನೆಲದ ಮೇಲೆ ವರ್ಷಗಟ್ಟಲೆ ನಿಂತು ಬಂದ ಹಕ್ಕಿಯ ಪಾದಗಳಲ್ಲಿ ಹುಣ್ಣಿರುವುದುಂಟು, ಬೆನ್ನು ಬೋಳಾಗಿರುವುದುಂಟು. ಅಂತಹ ಹಕ್ಕಿಗೆ ಒಣಮರಳು ಬೂದಿಗಳ ತಟ್ಟೆಯೊಂದನ್ನಿಟ್ಟು ನೋಡಬೇಕು. ಜನ್ಮದಲ್ಲಿ ಮಣ್ಣನ್ನೇ ಕಾಣದ ಹಕ್ಕಿ ಒಂದೆರಡು ದಿನ ಅನುಮಾನಿಸಿ, ಒಮ್ಮೆಗೇ ಒಳನುಗ್ಗಿ, ಹೊರಳಿ, ರೆಕ್ಕೆ ಕೊಡವಿ ಧೂಳಿನ ಸ್ನಾನ ಮಾಡತೊಡಗುತ್ತದೆ. ಅದನ್ನು ಅದಕ್ಕೆ ಯಾರೂ ಕಲಿಸಿರುವುದಿಲ್ಲ.

ಗೂಡಿನ ಸೂರಿನ ಕಡೆಗೂ ಗಮನ ಬೇಕು. ಬೆದರಿದ ಲಾವಕ್ಕಿ ಪಕ್ಕಕ್ಕೆ ಓಡದೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ತಂತಿಯ ಸೂರಾದರೆ ತಲೆ ಒಡೆಯುತ್ತದೆ. ಸೂರು ತೀರ ತಗ್ಗಾಗಿರಬೇಕು, ಇಲ್ಲವೆ ಅದರ ಕೆಳಗೆ ಬಟ್ಟೆಯನ್ನು ಸಡಿಲವಾಗಿ ಕಟ್ಟಿರಬೇಕು.

ಜೊತೆಯ ಪ್ರಶ್ನೆ

ಇಷ್ಟೆಲ್ಲ ಅನುಕೂಲವಾದ ಮೇಲೂ ಹಕ್ಕಿ ಗೋಡೆಯುದ್ದಕ್ಕೂ ಅತ್ತಿತ್ತ ಓಡಾಡಿ ಕೂಗುತ್ತಲೇ ಇದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಫ್ರಾನ್ಸಿನ ವಿಜ್ಞಾನಿಗಳು ಲಾವಕ್ಕಿಯ ಮರಿಗಳನ್ನು ಒಂದೊಂದಾಗಿ ಚಲಿಸುವ ಪಟ್ಟಿಯ ಮೇಲೆ ಬಿಟ್ಟು, ಅದರ ತುದಿಯಲ್ಲಿ ಇತರ ಮರಿಗಳ ಪಂಜರವನ್ನಿಟ್ಟು, ಜೊತೆಗಾರರನ್ನು ಸೇರಲು ಮರಿ ಎಷ್ಟು ದೂರ ಓಡುತ್ತದೆಂದು ಅಳೆದರು. ಪಟ್ಟಿ ಓಡುತ್ತಿದ್ದರೆ ದಾರಿ ಸವೆಯುವುದೆಂತು? ಆದರೂ ಮರಿಗಳು ಓಡಿದವು. ಸಂಗದ ಈ ಹಂಬಲ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದೂ ಅದರಿಂದ ಕಂಡುಬಂದಿತು. ದೊಡ್ಡ ಗಂಡುಹಕ್ಕಿಯೂ ಜೊತೆಗಾತಿ ಕಣ್ಣಿಗೆ ಬೀಳದಿದ್ದಾಗಲೇ ಹೆಚ್ಚು ಕೂಗುತ್ತದೆ. ಹಿಂದಿನ ಜಪಾನೀ ರಸಿಕರು ತಲೆದೂಗಿದ ಆ ಕೂಗಿನಲ್ಲಿ ಎಷ್ಟು ಪಾಲು ಒಂಟಿತನದ್ದಿತ್ತೋ!

ಹಾಗಾದರೆ ಜೊತೆ ಯಾರು? "ಹಿತ್ತಿಲಲ್ಲಿ ಕೋಳಿಗಳಿವೆಯಲ್ಲ, ಅವುಗಳ ಜೊತೆ ಬಿಟ್ಟರಾಯಿತು" ಎಂಬ ಸಲಹೆ ಮೊದಲು ಬರುತ್ತದೆ. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಒಂದೂವರೆ ಸೇರಿನಷ್ಟು ದೊಡ್ಡ ಕೋಳಿಯ ಒಂದು ಕುಕ್ಕಿಗೆ ಲಾವಕ್ಕಿಯ ತಲೆಬುರುಡೆ ತಡೆಯದು. ಕೋಳಿ ಕುಕ್ಕದಿದ್ದರೂ, ತಾನು ಆರೋಗ್ಯವಾಗಿ ಕಾಣುತ್ತಲೇ ಹೊತ್ತಿರುವ ನೆಗಡಿ, ಉಸಿರಾಟದ ರೋಗಗಳನ್ನು ಅಂಟಿಸೀತು. ಪಾರಿವಾಳದ ಗಂಟಲಿನ ರೋಗಾಣುಗಳು ಕುಡಿಯುವ ನೀರಿನ ಮೂಲಕ ಹರಡುತ್ತವೆ. ನಮ್ಮಲ್ಲಿ ಲವ್ ಬರ್ಡ್ಸ್ ಎಂದು ಕರೆಯುವ ಬಣ್ಣದ ಪುಟ್ಟ ಗಿಳಿಗಳು ಕಾಲುಬೆರಳನ್ನು ಕಚ್ಚಿಯಾವು. ನಾಡಗಿಳಿ, ಮುನಿಯಗಳನ್ನು ಪಂಜರದಲ್ಲಿಡಲು ಕಾನೂನೇ ಬಿಡದು. ಜೀಬ್ರಾ ಫಿಂಚ್‌ನಂತಹ ಸೌಮ್ಯವಾದ ವಿದೇಶೀ ಹಕ್ಕಿಗಳನ್ನು ದೊಡ್ಡ ಗೂಡಿನ ಕೊಂಬೆಗಳಲ್ಲಿಯೂ ಲಾವಕ್ಕಿಯನ್ನು ಅದರ ನೆಲದಲ್ಲಿಯೂ ಇಡುವವರುಂಟು. ಮೇಲಿನ ಹಿಕ್ಕೆ ಕೆಳಗಿನ ಕಾಳು ನೀರಿಗೆ ಬೀಳದಂತಿದ್ದರೆ ಬಾಧಕವಿಲ್ಲ. ಆದರೆ ಅವು ಮಹಡಿಯ ಮೇಲಿನ ಬಿಡಾರದವರಿದ್ದಂತೆ. ರಾತ್ರಿ ಮೈಗೆ ಮೈ ತಾಗಿಸಿ ಮಲಗುವ ಸುಖ ಅವುಗಳಿಂದ ದೊರೆಯದು. ಲಾವಕ್ಕಿಗೆ ಲಾವಕ್ಕಿಯೇ ಜೊತೆ.

ಅದರಲ್ಲಿಯೂ ಎಂತಹ ಲಾವಕ್ಕಿ ಎಂಬುದೇ ಇಲ್ಲಿಯ ಕಗ್ಗಂಟು. ಎರಡು ಗಂಡುಗಳನ್ನು ಕೂಡಿಹಾಕಿದರೆ ಏನಾಗುವುದೆಂಬುದನ್ನು ಕನ್ನಡನಾಡಿನವರು ಚೆನ್ನಾಗಿ ಬಲ್ಲರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕೋಳಿಯಂಕ, ಟಗರುಕಾಳಗಗಳೊಡನೆ ಲಾವಕ್ಕಿಗಳ ಕಾಳಗವೂ ರಾಜವಿನೋದಗಳಲ್ಲಿ ಒಂದಾಗಿ ವರ್ಣಿತವಾಗಿದೆ. ವಾತ್ಸ್ಯಾಯನನ ಅರುವತ್ತನಾಲ್ಕು ಕಲೆಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಅರಮನೆಯ ಅಂಗಳದಲ್ಲಿ ವಿನೋದವಾದುದು ಅಡುಗೆಮನೆಯ ಪೆಟ್ಟಿಗೆಯಲ್ಲಿ ಕೊಲೆಯಾದೀತು. ಕಣ್ಣು ಕುಕ್ಕಿ ಕುರುಡಾಗಿಸುವುದು ಅಪರೂಪವಲ್ಲ. ಒಂದು ಗಂಡಿಗೆ ಒಂದೇ ಹೆಣ್ಣನ್ನು ಕೊಟ್ಟರೂ ಸುಖವಿಲ್ಲ. ಗಂಡು ಬಿಡುವಿಲ್ಲದೆ ಬೆನ್ನೇರಿ, ಅದರ ತಲೆಯ ಗರಿಗಳನ್ನೆಲ್ಲ ಕಿತ್ತುಹಾಕುತ್ತದೆ. ರಕ್ಷಿಸಿದ ಹಕ್ಕಿ ಗಂಡಾದರೆ ಮೂರೋ ನಾಲ್ಕೋ ಹೆಣ್ಣುಗಳನ್ನು ತರುವುದು ಉಚಿತ. ಹೆಣ್ಣಾದರೆ ಇನ್ನೆರಡು ಹೆಣ್ಣುಗಳು ಸಾಕು. ಗಂಡಿನ ಅಗತ್ಯವೇ ಇಲ್ಲ. ಗಂಡಿಲ್ಲದೆಯೂ ಅವು ಮೊಟ್ಟೆಯಿಡುತ್ತವೆ.

ಗಂಡು ಹೆಣ್ಣುಗಳನ್ನು ಗುರುತಿಸುವುದು ಕಷ್ಟವಲ್ಲ. ಮೂರು ನಾಲ್ಕು ವಾರ ತುಂಬಿದ ಗಂಡಿನ ಎದೆ ಒಂದೇ ಸಮನಾದ ಇಟ್ಟಿಗೆಕಂದು. ಹೆಣ್ಣಿನ ಎದೆ ಮಾಸಲು, ಅದರ ಮೇಲೆ ಕಪ್ಪು ಚುಕ್ಕೆಗಳು. ಬಿಳಿಯ ತಳಿಗಳಲ್ಲಿ ಈ ಗುರುತು ನಡೆಯದು. ಆಗ ಅನುಭವಿಗಳು ಬಾಲದ ಕೆಳಗಿನ ಗ್ರಂಥಿಯನ್ನು ಮೆಲ್ಲನೆ ಒತ್ತಿ ನೋಡುತ್ತಾರೆ. ಬಿಳಿಯ ನೊರೆ ಬಂದರೆ ಪ್ರಾಯದ ಗಂಡು.

ಹೊಸದಾಗಿ ತಂದ ಹಕ್ಕಿಗಳನ್ನು ಒಂದು ತಿಂಗಳ ಕಾಲ ಬೇರೆ ಕೋಣೆಯಲ್ಲಿಟ್ಟು, ರೋಗವಿಲ್ಲವೆಂದು ಖಚಿತವಾದ ಮೇಲೆಯೇ ಹಳೆಯದರ ಸಮೀಪಕ್ಕೆ ತರಬೇಕು. ಒಂಟಿಹಕ್ಕಿಯ ಗೋಳನ್ನು ಕೇಳಿ ಅಂದೇ ಕೂಡಿಸಿಬಿಡುವ ಆತುರ ಸಹಜ. ಆದರೆ ಆ ಆತುರದಿಂದ ಎರಡೂ ಕಡೆಯವು ಸತ್ತುದುಂಟು. ಬಳಿಕ ಒಂದು ವಾರ ತಂತಿಬಲೆಯ ಆಚೀಚೆ ಇರಿಸಿ, ಪರಸ್ಪರ ನೋಡಲು, ಕೇಳಲು ಬಿಡಬೇಕು. ಬಲೆಯ ಪಕ್ಕದಲ್ಲಿ ಬಂದು ಕುಳಿತರೆ ಒಳ್ಳೆಯ ಸೂಚನೆ. ಕತ್ತು ನೀಡಿ ಬಲೆಗೆ ಕುಕ್ಕುತ್ತಿದ್ದರೆ ಇನ್ನೂ ಕಾಯಬೇಕು. ಕೂಡಿಸುವ ದಿನ ಹಳೆಯ ಹಕ್ಕಿಯ ಮನೆಗೆ ಹೊಸಬರನ್ನು ನೂಕಬಾರದು. ಗೂಡನ್ನು ತೊಳೆದು, ಹುಲ್ಲು, ಮಡಕೆಯ ಚೂರು, ಗಿಡದ ರೆಂಬೆಗಳನ್ನು ಬೇರೆ ಬೇರೆ ಕಡೆ ಇಟ್ಟು, ಎಲ್ಲರಿಗೂ ಅದು ಹೊಸ ಊರಾಗುವಂತೆ ಮಾಡಿ ಒಟ್ಟಿಗೆ ಬಿಡಬೇಕು. ಕಾಳಿನ ಬಟ್ಟಲುಗಳು ಎರಡಿರಲಿ. ಮೊದಲ ದಿನ ಒಂದಿಷ್ಟು ಅಟ್ಟಾಟವಾಗುವುದು ಸ್ವಾಭಾವಿಕ. ರಕ್ತ ಕಂಡೊಡನೆ ಮಾತ್ರ ಗಾಯಗೊಂಡ ಹಕ್ಕಿಯನ್ನು ತೆಗೆಯಬೇಕು. ಕೆಂಪು ಬಣ್ಣ ಕಂಡಲ್ಲಿ ಉಳಿದವು ಕುಕ್ಕುತ್ತಲೇ ಹೋಗುತ್ತವೆ.

ಜೊತೆಯ ಹಕ್ಕಿಗಳನ್ನು ತರುವುದಾದರೂ ಎಲ್ಲಿಂದ? ಮತ್ತೆ ಅದೇ ಸಾಕಣೆಯವನಿಂದ. ಒಂದನ್ನು ಬಿಡಿಸಿದವರು ಎರಡನ್ನು ಕೊಂಡರೆ ಅವನ ವ್ಯಾಪಾರ ಬೆಳೆಯುತ್ತದೆಂಬ ಆಕ್ಷೇಪಣೆಯಲ್ಲಿ ಸತ್ಯವಿಲ್ಲದಿಲ್ಲ. ಮೊಟ್ಟೆಯ ಅವಧಿ ಮುಗಿದು ಕತ್ತಿಯ ಸರದಿ ಕಾಯುತ್ತಿರುವ ಹೆಣ್ಣುಗಳನ್ನೇ ಕೇಳಿ ತರುವುದು ಒಂದು ದಾರಿ. ಅವು ಶಾಂತವಾಗಿರುತ್ತವೆ, ಬೆಲೆಯೂ ಕಡಿಮೆ.

ಲಾವಕ್ಕಿಯ ಆಯುಷ್ಯ ಎರಡು ಮೂರು ವರ್ಷ; ಒಳ್ಳೆಯ ಆರೈಕೆಯಲ್ಲಿ ಐದಕ್ಕೆ ಮುಟ್ಟಬಹುದು. ಎರಡೇ ಇದ್ದಲ್ಲಿ ಒಂದು ಸತ್ತೊಡನೆ ಉಳಿದುದು ಮತ್ತೆ ಮೊದಲಿನ ಒಂಟಿಯೇ. ಬಲ್ಲವರು ಎರಡಕ್ಕೆ ನಿಲ್ಲಿಸದೆ ಮೂರು ಹೆಣ್ಣುಗಳನ್ನು ಸಾಕುವುದು ಈ ಕಾರಣಕ್ಕಾಗಿಯೇ.